ಗಂಟೆಗೆ ಅರವತ್ತು ಪೀಸ್

ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ವಿಭಾಗಕ್ಕೆ ಹೋದರೆ ಪ್ರತಿ ಲೈನಿನ ತಲೆಯಲ್ಲೂ ಒಂದು ಬಿಳಿ ಬೋರ್ಡು ಇರುತ್ತದೆ. ಪೀಣ್ಯವಾಗಲಿ, ಮೈಸೂರು ರಸ್ತೆಯಾಗಲಿ, ಬೊಮ್ಮನಹಳ್ಳಿಯಾಗಲಿ, ಮದ್ದೂರು, ಶ್ರೀರಂಗಪಟ್ಟಣ, ಹಾಸನದ ಕಡೆಯ ಯೂನಿಟ್‌ಗಳಾಗಲಿ, ಬೋರ್ಡು ಮಾತ್ರ ಒಂದೇ ಥರ. ಎಡಕ್ಕೆ ಗಂಟೆ, ನಡುವೆ ಟಾರ್ಗೆಟ್, ಬಲಕ್ಕೆ ಆದ ಪೀಸ್. ಗಂಟೆಗೊಮ್ಮೆ ರೈಟರ್ ಬಂದು ಮಾರ್ಕರ್‌ನಲ್ಲಿ ಬರೆದು ಹೋಗುತ್ತಾನೆ. ಟಾರ್ಗೆಟ್ ಮುಟ್ಟಿದರೆ ಹಸಿರು ಇಂಕು, ಮುಟ್ಟದಿದ್ದರೆ ಕೆಂಪು. ಲೈನಿನಲ್ಲಿ ಕೂತ ನಲವತ್ತು ಹೆಣ್ಣುಮಕ್ಕಳ ಒಂದು ಗಂಟೆಯ ಬದುಕು ಆ ಒಂದು ಅಂಕಿಯಲ್ಲಿ ಮುಗಿಯಿತು.

ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದು ಕಡಿಮೆ, ಅದಕ್ಕೇ ಸ್ವಲ್ಪ ಲೆಕ್ಕ ಹೇಳುತ್ತೇನೆ. ಒಂದು ಶರ್ಟ್ ಹೊಲಿಯಲು ಕಾಲರ್, ಕಫ್, ಸ್ಲೀವ್, ಪಾಕೆಟ್ ಎಂದು ಹತ್ತಾರು ಕೆಲಸಗಳು. ಪ್ರತಿಯೊಂದಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ. ದಣಿವು, ನೀರು, ಟಾಯ್ಲೆಟ್ ಎಂದು ಒಂದಷ್ಟು ಸೇರಿಸುತ್ತಾರೆ. ಎಲ್ಲ ಕೂಡಿಸಿ ಬರುವುದಕ್ಕೆ ಸ್ಯಾಮ್ ಎನ್ನುತ್ತಾರೆ. ಒಂದು ಶರ್ಟಿಗೆ 24 ನಿಮಿಷ ಸ್ಯಾಮ್ ಎಂದಿಟ್ಟುಕೊಳ್ಳಿ. ನಲವತ್ತು ಟೈಲರ್‌ಗಳು, ದಿನಕ್ಕೆ 480 ನಿಮಿಷ, ಒಟ್ಟು 19,200 ನಿಮಿಷ. ಅದನ್ನು 24ರಿಂದ ಭಾಗಿಸಿದರೆ 800 ಶರ್ಟು. ಅದು ನೂರಕ್ಕೆ ನೂರು ಎಫಿಶಿಯನ್ಸಿ. 480 ಶರ್ಟು ಬಂದರೆ ನೂರಕ್ಕೆ ಅರವತ್ತು. ಅಂದರೆ ಗಂಟೆಗೆ ಅರವತ್ತು ಪೀಸ್. ನಮ್ಮ ಕಡೆ ಅಷ್ಟು ತೆಗೆಯುವ ಲೈನನ್ನು ಕೆಟ್ಟ ಲೈನ್ ಎಂದು ಯಾರೂ ಹೇಳುವುದಿಲ್ಲ.

ನೂರರಲ್ಲಿ ಉಳಿದ ನಲವತ್ತು ಎಲ್ಲಿ ಹೋಯಿತು? ಫ್ಯಾಕ್ಟರಿಗಳಲ್ಲಿ ದಿನಾ ಬೆಳಿಗ್ಗೆ ನಡೆಯುವ ಮೀಟಿಂಗಿನ ಪ್ರಶ್ನೆ ಇದೊಂದೇ. ಉತ್ತರವೂ ಒಂದೇ: 'ಹುಡುಗೀರು ಕೈ ಓಡಿಸ್ತಿಲ್ಲ.' ಐ.ಇ. ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತ ವರ್ಷಗಳಲ್ಲಿ ಈ ಉತ್ತರವನ್ನು ಎಷ್ಟೋ ಸಲ ಕೇಳಿದ್ದೇನೆ. ಕೈ ಓಡಿಸದಿರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಆ ನಲವತ್ತರಲ್ಲಿ ಟೈಲರ್‌ನ ಕೈಗೆ ಸೇರಿದ ಪಾಲು ಎಷ್ಟು ಎಂದು ಹುಡುಕುತ್ತಾ ಹೋದರೆ ಸಿಗುವುದು ಬೇರೆಯೇ ಲೆಕ್ಕ.

ಮೊದಲು ಕಾಯುವುದರಿಂದ ಶುರು ಮಾಡೋಣ. ಬೆಳಿಗ್ಗೆ ಒಂಬತ್ತಕ್ಕೆ ಬೆಲ್ ಹೊಡೆಯುತ್ತದೆ, ಲೈನಿನಲ್ಲಿ ಎಲ್ಲರೂ ಕೂತಿದ್ದಾರೆ, ಕಟಿಂಗ್ ಸೆಕ್ಷನ್‌ನಿಂದ ಕತ್ತರಿಸಿದ ಬಟ್ಟೆಯ ಬಂಡಲ್ ಬಂದಿಲ್ಲ. ಬಂಡಲ್ ಬಂತು, ಎಡಗೈ ತೋಳು ಒಂದು ಶೇಡ್, ಬಲಗೈ ತೋಳು ಇನ್ನೊಂದು ಶೇಡ್. ಅದು ಸರಿಹೋಯಿತು, ದಾರ ಮ್ಯಾಚಿಂಗ್ ಸಿಕ್ಕಿಲ್ಲ, ಸ್ಟೋರಿನವರು ಇಂಡೆಂಟ್ ಎಂಬ ಬೇಡಿಕೆ ಚೀಟಿ ಕೇಳುತ್ತಾರೆ. ಎಲ್ಲ ಸೇರಿ ಮಷಿನ್ ಓಡತೊಡಗಿದರೆ ಸೂಜಿ ಮುರಿಯುತ್ತದೆ. ಎಕ್ಸ್‌ಪೋರ್ಟ್ ಫ್ಯಾಕ್ಟರಿಯಲ್ಲಿ ಸೂಜಿ ಮುರಿದರೆ ಹೊಸ ಸೂಜಿ ಹಾಗೆಯೇ ಕೊಡುವುದಿಲ್ಲ. ಮುರಿದ ಚೂರುಗಳನ್ನೆಲ್ಲ ಹುಡುಕಬೇಕು, ನೆಲದ ಮೇಲೆ ಮ್ಯಾಗ್ನೆಟ್ ಆಡಿಸಬೇಕು, ಸಿಕ್ಕ ಚೂರುಗಳನ್ನು ಜೋಡಿಸಿ ಪೂರ್ತಿ ಸೂಜಿಯಾಗಿದೆ ಎಂದು ತೋರಿಸಿ ರಿಜಿಸ್ಟರ್‌ಗೆ ಟೇಪ್ ಹಾಕಿ ಅಂಟಿಸಬೇಕು. ಮಕ್ಕಳ ಬಟ್ಟೆಯಲ್ಲಿ ಒಂದು ಚೂರು ಉಳಿದರೆ ಏನಾಗುತ್ತದೆ ಎಂದು ಯೋಚಿಸಿದರೆ ಈ ನಿಯಮ ಸರಿಯೇ. ಆದರೆ ಆ ಹದಿನೈದು ನಿಮಿಷ ಬರೆಯುವುದಕ್ಕೆ ಬೋರ್ಡಿನಲ್ಲಿ ಜಾಗವಿಲ್ಲ. ಬಲಗಡೆಯ ಅಂಕಿ ಇಳಿದದ್ದಷ್ಟೇ ಕಾಣುತ್ತದೆ.

ಲೈನ್ ಅಂದರೆ ಒಬ್ಬಳ ಕೆಲಸ ಇನ್ನೊಬ್ಬಳಿಗೆ ದಾಟುವ ಏರ್ಪಾಡು. ಕಾಲರ್ ಅಟ್ಯಾಚ್ ಮಾಡುವವಳು ಗಂಟೆಗೆ ನಲವತ್ತೈದು ತೆಗೆದರೆ ಅವಳ ಮುಂದೆ ಕೂತವರು ಯಾರೇ ಆಗಿರಲಿ, ಎಷ್ಟೇ ಚುರುಕಾಗಿರಲಿ, ನಲವತ್ತೈದೇ. ಆ ಕಾಲರಿನವಳು ಇವತ್ತು ರಜೆ ಹಾಕಿದ್ದಾಳೆ, ಬದಲಿಗೆ ಕೂತವಳಿಗೆ ಆ ಕೆಲಸದ ರೂಢಿಯಿಲ್ಲ, ಅಷ್ಟಕ್ಕೇ ನಲವತ್ತು ಜನರ ಎಫಿಶಿಯನ್ಸಿ ನೆಲ ಕಚ್ಚುತ್ತದೆ. ಸ್ಟೈಲ್ ಬದಲಾದ ದಿನವಂತೂ ಕೇಳುವುದೇ ಬೇಡ. ಹಿಂದೆ ಒಂದೇ ಶರ್ಟನ್ನು ತಿಂಗಳುಗಟ್ಟಲೆ ಹೊಲಿಯುವ ದೊಡ್ಡ ಆರ್ಡರ್‌ಗಳಿದ್ದವು. ಈಗ ಆರ್ಡರ್ ಸಣ್ಣದು, ಡಿಸೈನು ಹಲವು. ಕೈಗೆ ರೂಢಿಯಾಗುವ ಹೊತ್ತಿಗೆ ಆರ್ಡರೇ ಮುಗಿದಿರುತ್ತದೆ.

ಸ್ಟ್ಯಾನ್‌ಫರ್ಡ್ ಮತ್ತು ವಿಶ್ವ ಬ್ಯಾಂಕಿನ ಕೆಲವು ಸಂಶೋಧಕರು ಮುಂಬೈ ಹತ್ತಿರದ ತಾರಾಪುರ, ಉಮರ್‌ಗಾಂವ್ ಸುತ್ತಿನ ನೇಯ್ಗೆ ಗಿರಣಿಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಕೆಲವು ಗಿರಣಿಗಳಿಗೆ ಪುಕ್ಕಟೆಯಾಗಿ ಮ್ಯಾನೇಜ್‌ಮೆಂಟ್ ಸಲಹೆಗಾರರನ್ನು ಕಳಿಸಿಕೊಟ್ಟರು. ಅವರು ಹೇಳಿಕೊಟ್ಟದ್ದರಲ್ಲಿ ಬ್ರಹ್ಮವಿದ್ಯೆ ಏನೂ ಇರಲಿಲ್ಲ. ನೂಲಿನ ರಾಶಿಯನ್ನು ವಿಂಗಡಿಸಿ ಇಡಿ, ಮಗ್ಗ ಕೆಡುವ ಮೊದಲೇ ಎಣ್ಣೆ ಹಾಕಿ, ಬಟ್ಟೆಯಲ್ಲಿ ಯಾವ ದೋಷ ಎಲ್ಲಿ ಬಂತೆಂದು ದಿನಾ ಬರೆದಿಡಿ, ನೆಲ ಗುಡಿಸಿ. ಮೊದಲ ವರ್ಷವೇ ಉತ್ಪಾದಕತೆ ಶೇಕಡಾ 17ರಷ್ಟು ಏರಿತು. ಕೆಲಸಗಾರರಿಗೆ ಸ್ಫೂರ್ತಿ ತುಂಬುವ ಭಾಷಣ ಯಾರೂ ಮಾಡಿರಲಿಲ್ಲ. ಕೆಲಸಗಾರರ ಕೈಗೆ ನೂಲು ಹೊತ್ತಿಗೆ ಸಿಕ್ಕಿತು, ಮಗ್ಗ ನಿಲ್ಲಲಿಲ್ಲ.

ಆಮೇಲೆ ಸೆಖೆ. ಬೆಂಗಳೂರಿನ ಹವೆ ತಂಪು ಎಂದು ಹೊರಗಿನವರು ಇನ್ನೂ ನಂಬಿದ್ದಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಶೀಟ್ ಹಾಸಿದ ಮೇಲಂತಸ್ತಿನಲ್ಲಿ, ನೂರಾರು ಮೋಟಾರು, ನೂರಾರು ದೀಪ, ಪಕ್ಕದಲ್ಲೇ ಇಸ್ತ್ರಿ ವಿಭಾಗದ ಸ್ಟೀಮ್ ಇರುವಲ್ಲಿ ಬಂದು ನಿಂತು ನೋಡಿದರೆ ನಂಬಿಕೆ ಬದಲಾಗುತ್ತದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಶದಮ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಲೈನುವಾರು ದಿನದ ಲೆಕ್ಕವನ್ನು ಹವಾಮಾನದ ಲೆಕ್ಕದ ಪಕ್ಕ ಇಟ್ಟು ನೋಡಿದರು. ಬಿಸಿ ಏರಿದ ದಿನ ಎಫಿಶಿಯನ್ಸಿ ಇಳಿಯುತ್ತಿತ್ತು, ಬಿಸಿ ಹೆಚ್ಚಾದಷ್ಟೂ ಇಳಿತ ಕಡಿದಾಗುತ್ತಿತ್ತು. ಅದೇ ಹೊತ್ತಿಗೆ ಈ ಫ್ಯಾಕ್ಟರಿಗಳಲ್ಲಿ ಕರೆಂಟ್ ಉಳಿಸಲೆಂದು ಹಳೆಯ ಫ್ಲೋರೊಸೆಂಟ್ ದೀಪ ತೆಗೆದು ಎಲ್‌ಇಡಿ ಹಾಕುತ್ತಿದ್ದರು. ಎಲ್‌ಇಡಿ ಕಡಿಮೆ ಬಿಸಿಯಾಗುತ್ತದೆ. ಅಷ್ಟರಿಂದಲೇ ಸೆಖೆಯ ದಿನಗಳ ನಷ್ಟದಲ್ಲಿ ದೊಡ್ಡ ಪಾಲು ಇಲ್ಲವಾಯಿತು. ಕರೆಂಟ್ ಉಳಿತಾಯ ಒಂದನ್ನೇ ಲೆಕ್ಕ ಹಿಡಿದರೆ ದೀಪಕ್ಕೆ ಹಾಕಿದ ದುಡ್ಡು ವಾಪಸ್ ಬರಲು ಎಷ್ಟು ಕಾಲ ಬೇಕಿತ್ತೋ, ಹೆಚ್ಚಾದ ಉತ್ಪಾದನೆಯನ್ನೂ ಸೇರಿಸಿದಾಗ ಅದರ ಆರನೇ ಒಂದು ಪಾಲು ಸಾಕಾಯಿತು.

ಈ ಲೆಕ್ಕ ಓದಿದಾಗ ನನಗೆ ಸಂತೋಷಕ್ಕಿಂತ ಸಿಟ್ಟು ಹೆಚ್ಚು ಬಂತು ಎನ್ನಬೇಕು. ಅಷ್ಟೂ ವರ್ಷ ಏಪ್ರಿಲ್‌ನಲ್ಲಿ ಕೆಂಪು ಇಂಕಿನಲ್ಲಿ ಬರೆಸಿಕೊಂಡು ಬೈಸಿಕೊಂಡವರ ತಪ್ಪು ಅರ್ಧದಷ್ಟು ತಲೆಯ ಮೇಲಿನ ದೀಪದ್ದಾಗಿರಬಹುದಲ್ಲ! ದೇಶದ ಕಾರ್ಖಾನೆಗಳ ಒಟ್ಟು ಲೆಕ್ಕ ನೋಡಿದ ಇನ್ನೊಂದು ಅಧ್ಯಯನದ ಪ್ರಕಾರ ತಾಪಮಾನ ಒಂದು ಡಿಗ್ರಿ ಏರಿದರೆ ವರ್ಷದ ಉತ್ಪಾದನೆ ಸುಮಾರು ಶೇಕಡಾ ಎರಡು ಇಳಿಯುತ್ತದೆ. ಫ್ಯಾನು, ಎಕ್ಸಾಸ್ಟು, ವೆಟ್ ಪ್ಯಾಡು ಹಾಕಿಸುವುದನ್ನು ಮ್ಯಾನೇಜರುಗಳು ಇವತ್ತಿಗೂ 'ವೆಲ್ಫೇರ್' ಖರ್ಚಿನಲ್ಲಿ ಬರೆಯುತ್ತಾರೆ. ಮಷಿನಿಗೆ ಹಾಕಿದ ಎಣ್ಣೆ ಮಾತ್ರ ಉತ್ಪಾದನೆಯ ಖರ್ಚು.

ಸೆಖೆಗೆ ಅಂಟಿಕೊಂಡೇ ಇನ್ನೊಂದು ಸಂಗತಿಯಿದೆ, ಗಂಡಸರ ಮೀಟಿಂಗಿನಲ್ಲಿ ಇದು ಚರ್ಚೆಗೆ ಬರುವುದಿಲ್ಲ. ಅಷ್ಟು ಬಿಸಿಯಲ್ಲೂ ಹೆಂಗಸರು ನೀರು ಕುಡಿಯುವುದಿಲ್ಲ. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಹೋದರೆ ಮಷಿನ್ ಮುಂದೆ ಪೀಸು ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ವಾಚ್ ನೋಡುತ್ತಾನೆ. 'ಮಧ್ಯಾನದ ಮೇಲೆ ತಲೆ ಸಿಡೀತದೆ ಸಾರ್' ಎಂದು ಲೈನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸ್ಯಾಮ್ ಕಟ್ಟುವಾಗ ನೀರಿಗೆ, ಟಾಯ್ಲೆಟ್‌ಗೆ ಎಂದು ಸೇರಿಸಿದ ನಿಮಿಷಗಳು ಕಾಗದದಲ್ಲಿ ಇದ್ದೇ ಇರುತ್ತವೆ. ಅವನ್ನು ಬಳಸಿಕೊಳ್ಳುವ ಧೈರ್ಯ ಲೈನಿನಲ್ಲಿ ಯಾರಿಗೂ ಇರುವುದಿಲ್ಲ.

ಸೂಪರ್‌ವೈಸರ್ ವಿಷಯ ಬಂತು. ಟೈಲರ್‌ಗಳಲ್ಲಿ ಬಹುಪಾಲು ಹೆಂಗಸರು, ಸೂಪರ್‌ವೈಸರ್‌ಗಳಲ್ಲಿ ಬಹುಪಾಲು ಗಂಡಸರು. ಬೈಗುಳದ ಬಗ್ಗೆ ಪತ್ರಿಕೆಗಳಲ್ಲಿ, ಕಾರ್ಮಿಕ ಸಂಘಟನೆಗಳ ವರದಿಗಳಲ್ಲಿ ಬೇಕಾದಷ್ಟು ಬಂದಿದೆ, ನಾನು ಹೊಸದಾಗಿ ಹೇಳುವುದೇನಿಲ್ಲ. ಆದರೆ ಬೈಗುಳ ಹುಟ್ಟುವ ಜಾಗ ಲೈನಿನಲ್ಲಿಲ್ಲ. ಬಯರ್, ಅಂದರೆ ಮಾಲು ಕೊಳ್ಳುವ ಹೊರದೇಶದ ಕಂಪನಿಯವನು, ಬೆಲೆಯನ್ನು ಸೆಂಟುಗಳಲ್ಲಿ ಹಿಂಡಿರುತ್ತಾನೆ, ಹಡಗಿನ ದಿನ ನಿಗದಿಯಾಗಿರುತ್ತದೆ. ಹಡಗು ತಪ್ಪಿದರೆ ಮಾಲನ್ನು ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಫ್ಯಾಕ್ಟರಿಯ ತಲೆಗೆ. ಆ ಭಯ ಎಂ.ಡಿ.ಯಿಂದ ಜಿ.ಎಂ.ಗೆ, ಅಲ್ಲಿಂದ ಪ್ರೊಡಕ್ಷನ್ ಮ್ಯಾನೇಜರ್‌ಗೆ, ಫ್ಲೋರ್ ಇನ್‌ಚಾರ್ಜ್‌ಗೆ, ಸೂಪರ್‌ವೈಸರ್‌ಗೆ ಇಳಿದು ಬಂದು ಕೊನೆಗೆ ಯಾರ ಮೇಲೂ ಇಳಿಸಲಾಗದವಳ ಕಿವಿಯಲ್ಲಿ ನಿಲ್ಲುತ್ತದೆ.

ಒಳ್ಳೆಯ ಸೂಪರ್‌ವೈಸರ್ ಅಂದರೆ ಬೈಯದವನು ಎಂದಷ್ಟೇ ಅಲ್ಲ. ಮೇಲೆ ಹೇಳಿದ ಮೂವರು ಅರ್ಥಶಾಸ್ತ್ರಜ್ಞರೇ ಇನ್ನೊಂದು ಅಧ್ಯಯನದಲ್ಲಿ ಫ್ಯಾಕ್ಟರಿಯೊಳಗಿನ ಹೊಗೆ-ಧೂಳಿನ ಸಣ್ಣ ಕಣಗಳನ್ನು ಅಳೆದು ನೋಡಿದರು. ಗಾಳಿ ಕೆಟ್ಟಷ್ಟೂ ಕೆಲಸ ಕುಂಟುತ್ತಿತ್ತು, ಆದರೆ ಎಲ್ಲ ಲೈನಿನಲ್ಲೂ ಒಂದೇ ಸಮ ಅಲ್ಲ. ಗಾಳಿ ಒಬ್ಬೊಬ್ಬರಿಗೆ ಒಂದೊಂದು ಥರ ತಾಗುತ್ತದೆ, ಒಂದೊಂದು ಕೆಲಸಕ್ಕೆ ಒಂದೊಂದು ಥರ. ತನ್ನ ಲೈನಿನವರ ಮೇಲೆ ಗಮನವಿಟ್ಟ ಸೂಪರ್‌ವೈಸರ್‌ಗಳು ಯಾರು ಬಳಲಿದ್ದಾರೆ ಎಂದು ನೋಡಿ ಅವತ್ತಿನ ಮಟ್ಟಿಗೆ ಜಾಗ ಅದಲುಬದಲು ಮಾಡಿ ನಷ್ಟ ತಗ್ಗಿಸಿಕೊಂಡಿದ್ದರು. ಅವರಿಗೆ ಗಾಳಿಯ ಕಣಗಳ ವಿಷಯ ಗೊತ್ತಿರಲೇಬೇಕೆಂದಿಲ್ಲ. ಮುಖ ನೋಡುವ ಅಭ್ಯಾಸವಿದ್ದರೆ ಸಾಕಿತ್ತು. ನಾನು ಕಂಡ ಒಳ್ಳೆಯ ಲೈನ್ ಸೂಪರ್‌ವೈಸರ್ ಒಬ್ಬಾಕೆ ಹೆಲ್ಪರ್ ಆಗಿ ಸೇರಿ ಟೈಲರ್ ಆಗಿ ಮೇಲೆ ಬಂದವರು. ಬೆಳಿಗ್ಗೆ ಬೆಲ್ ಹೊಡೆಯುವ ಮೊದಲು ಲೈನಿನ ಉದ್ದಕ್ಕೂ ಒಮ್ಮೆ ನಡೆದು, 'ಯಾಕಮ್ಮ ಕಣ್ಣು ಕೆಂಪಾಗವೆ, ಮಗೀಗೆ ಜ್ವರ ಬಿಟ್ಟಿಲ್ವಾ' ಎಂದು ಕೇಳುತ್ತಿದ್ದರು. ಆ ಉತ್ತರದ ಮೇಲೆ ಅವತ್ತು ಯಾರು ಯಾವ ಮಷಿನ್‌ನಲ್ಲಿ ಕೂರಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಡುತ್ತಿದ್ದರು. ಐ.ಇ. ವಿಭಾಗದ ನಾವು ಕಂಪ್ಯೂಟರ್ ಇಟ್ಟುಕೊಂಡು ಮಾಡುವ ಲೈನ್ ಬ್ಯಾಲೆನ್ಸಿಂಗ್ ಆಕೆಯದರ ಹತ್ತಿರವೂ ಸುಳಿಯುತ್ತಿರಲಿಲ್ಲ.

ಮಗುವಿನ ಜ್ವರ ಅಂದೆನಲ್ಲ, ಅಲ್ಲಿಂದಲೇ ಮನೆಯ ವಿಷಯಕ್ಕೆ ಬರಬೇಕು. ಟೈಲರ್ ಒಂಬತ್ತಕ್ಕೆ ಮಷಿನ್ ಮುಂದೆ ಕೂರುವ ಹೊತ್ತಿಗೆ ಅವಳ ಒಂದು ಪಾಳಿ ಮುಗಿದಿರುತ್ತದೆ. ನಲ್ಲಿ ನೀರು ಹಿಡಿದು, ಅಡುಗೆ ಮಾಡಿ, ಡಬ್ಬಿ ಕಟ್ಟಿ, ಮಕ್ಕಳನ್ನು ಕಳಿಸಿ, ಬಸ್ಸೋ ಟೆಂಪೋವೋ ಹಿಡಿದು ಬಂದಿರುತ್ತಾಳೆ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಶಿಶುವಿಹಾರ ಇರಲೇಬೇಕು ಎಂದಿತು. ಕ್ರೆಶ್ ಎಂಬ ಬೋರ್ಡು ಎಲ್ಲ ಕಡೆ ಉಂಟು, ಒಳಗೆ ತೊಟ್ಟಿಲೂ ಉಂಟು. ಸಿಟಿ ಬಸ್ಸಿನ ಬೆಳಗಿನ ನೂಕುನುಗ್ಗಲಲ್ಲಿ ಕೂಸನ್ನು ಎತ್ತಿಕೊಂಡು ಅಲ್ಲಿಯವರೆಗೆ ಬರುವುದು ಹೇಗೆ ಎಂದು ಮಾತ್ರ ಯಾವ ಕಾಯ್ದೆಯೂ ಹೇಳಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಒಂದು ಬದಲಾವಣೆ ನಾನು ಕಂಡೆ. ಬಸ್ ಚಾರ್ಜ್ ಉಳಿಯಿತು ಎನ್ನುವುದು ಎಲ್ಲರೂ ಆಡುವ ಮಾತು. ಅದಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು, ಮನೆ ಹತ್ತಿರದ ಫ್ಯಾಕ್ಟರಿಗೇ ಅಂಟಿಕೊಂಡಿದ್ದ ಕೆಲವರು ಎರಡು ಸ್ಟಾಪ್ ಆಚೆಯ, ಬೈಗುಳ ಕಡಿಮೆ ಇರುವ ಫ್ಯಾಕ್ಟರಿಗೆ ಹೋಗತೊಡಗಿದ್ದು.

ಇನ್ನು ಸಾಲ. ತಿಂಗಳ ಕೊನೆಯ ವಾರದಲ್ಲಿ ಆಲ್ಟ್ರೇಷನ್, ಅಂದರೆ ತಪ್ಪಿ ಮತ್ತೆ ಹೊಲಿಯಬೇಕಾದ ಪೀಸು, ಜಾಸ್ತಿ ಬರುತ್ತದೆ ಎಂದು ಚೆಕಿಂಗ್ ಟೇಬಲ್‌ನವರು ಹೇಳುವುದನ್ನು ಕೇಳಿದ್ದೇನೆ. ಶಿಪ್‌ಮೆಂಟ್ ಒತ್ತಡ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಸಂಘದ ಕಂತು, ಮೈಕ್ರೋಫೈನಾನ್ಸ್‌ನವರ ವಾರದ ಕಟ್ಟು, ಚೀಟಿ, ಮನೆ ಬಾಡಿಗೆ ಎಲ್ಲ ತಲೆಯಲ್ಲಿ ಸುತ್ತುತ್ತಿರುವಾಗ ಹೊಲಿಗೆ ಒಂದು ಗೆರೆ ಆಚೀಚೆ ಆಗುವುದಿಲ್ಲವೇ? ಒಡಿಶಾದಲ್ಲಿ ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಜೊತೆಗಾರರು ಊಟದ ಎಲೆ ಹಚ್ಚುವವರ ನಡುವೆ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಪೀಸಿನ ಲೆಕ್ಕದಲ್ಲಿ ಕೂಲಿ. ಕೆಲವರಿಗೆ ಆವರೆಗೆ ದುಡಿದ ದುಡ್ಡನ್ನು ಕೊನೆಯವರೆಗೆ ಕಾಯಿಸದೆ ಸ್ವಲ್ಪ ಮೊದಲೇ ಕೈಗೆ ಕೊಟ್ಟರು. ಹೆಚ್ಚಿಗೆ ಕೊಟ್ಟಿದ್ದಲ್ಲ, ಅವರದೇ ದುಡ್ಡು. ದುಡ್ಡು ಸಿಕ್ಕವರು ಮೊದಲು ಸಾಲ ತೀರಿಸಿದರು, ಮನೆ ಸಾಮಾನು ತಂದರು. ಮುಂದಿನ ದಿನಗಳಲ್ಲಿ ಹಚ್ಚಿದ ಎಲೆ ಸರಾಸರಿ ಶೇಕಡಾ 7ರಷ್ಟು ಹೆಚ್ಚಾಯಿತು, ತಪ್ಪು ಕಡಿಮೆಯಾಯಿತು. ತೀರಾ ಕಷ್ಟದಲ್ಲಿದ್ದವರಲ್ಲೇ ಏರಿಕೆ ಹೆಚ್ಚು. ಕೂಲಿಯ ದರ ಒಂದು ಪೈಸೆಯೂ ಬದಲಾಗಿರಲಿಲ್ಲ.

ಗಾರ್ಮೆಂಟ್ಸ್‌ನವರ ದುಡ್ಡಿನ ಚಿಂತೆ ಎಷ್ಟು ಆಳದ್ದು ಎಂದು ಬೆಂಗಳೂರು ಒಮ್ಮೆ ಕಣ್ಣಾರೆ ನೋಡಿದೆ. 2016ರ ಏಪ್ರಿಲ್ 18 ಮತ್ತು 19. ಪಿ.ಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಹೊಸೂರು ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಹೆಂಗಸರು ಫ್ಯಾಕ್ಟರಿ ಬಿಟ್ಟು ಬಂದು ಕೂತರು. ಮುಂದೆ ನಿಂತು ನಡೆಸಿದ ದೊಡ್ಡ ನಾಯಕರು ಯಾರೂ ಇರಲಿಲ್ಲ. ಎರಡನೇ ದಿನ ಸಂಜೆಯೊಳಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಟಿ.ವಿ.ಯಲ್ಲಿ ಮಾತಾಡಿದವರಿಗೆ ಆಶ್ಚರ್ಯ, ಯಾವಾಗಲೋ ಸಿಗುವ ದುಡ್ಡಿಗೆ ಇಷ್ಟು ಗಲಾಟೆಯೇ ಎಂದು. ಲೈನಿನಲ್ಲಿದ್ದವರಿಗೆ ಗೊತ್ತಿತ್ತು, ಕೆಲಸ ಬಿಟ್ಟು ಪಿ.ಎಫ್ ತೆಗೆದು ಮಗಳ ಮದುವೆಯೋ ಗಂಡನ ಆಪರೇಷನ್ನೋ ಮುಗಿಸಿಕೊಂಡು ಬೇರೆ ಫ್ಯಾಕ್ಟರಿಗೆ ಸೇರುವುದು ಇವರ ಉಳಿತಾಯದ ಒಂದೇ ದಾರಿ. ನುರಿತ ಟೈಲರ್‌ಗಳು ಯಾಕೆ ನಿಲ್ಲುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಎಚ್.ಆರ್. ವಿಭಾಗದವರು ಈ ಒಂದು ದಾರಿಯನ್ನು ಅರ್ಥ ಮಾಡಿಕೊಂಡರೆ ಅರ್ಧ ಉತ್ತರ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕೈ ಓಡಿಸದಿರುವುದಕ್ಕೂ ನ್ಯಾಯ ಸಲ್ಲಿಸಬೇಕು. ಓಡಿಸುವುದಿಲ್ಲ, ನಿಜ. ಸ್ಟಾಪ್‌ವಾಚ್ ಹಿಡಿದು ಹತ್ತಿರ ಹೋದರೆ ಸಾಕು, ಕೈ ತಾನಾಗಿ ನಿಧಾನವಾಗುತ್ತದೆ. ದಾರ ಒಮ್ಮೆ ಹೆಚ್ಚಿಗೆ ಕತ್ತರಿಸುತ್ತಾರೆ, ಪೀಸನ್ನು ಒಮ್ಮೆ ಹೆಚ್ಚಿಗೆ ತಿರುಗಿಸಿ ನೋಡುತ್ತಾರೆ. ಗಂಟೆಗೆ ಎಪ್ಪತ್ತು ಬರುವ ಲೈನು ಅರವತ್ತೆರಡಕ್ಕೆ ನಿಲ್ಲುತ್ತದೆ. ಯಾಕೆಂದರೆ ಇವತ್ತು ಎಪ್ಪತ್ತು ಬಂದರೆ ನಾಳೆ ಬೋರ್ಡಿನ ನಡುವಿನ ಸಾಲಿನಲ್ಲಿ ಎಪ್ಪತ್ತು ಕೂರುತ್ತದೆ, ನಾಡಿದ್ದು ಎಪ್ಪತ್ತೈದು. ಸಂಬಳ ಮಾತ್ರ ಅಷ್ಟೇ. ಇದು ನಮ್ಮ ಹೆಂಗಸರ ಸೋಮಾರಿತನ ಎನ್ನುವವರು ಷಿಕಾಗೋ ಪಕ್ಕದ ಸಿಸರೋ ಊರಿನ ಹಾಥಾರ್ನ್ ಕಾರ್ಖಾನೆಯ ಕಥೆ ಓದಬೇಕು. 1931-32ರಲ್ಲಿ ಅಲ್ಲಿ ಟೆಲಿಫೋನ್ ಸ್ವಿಚ್ಚುಗಳಿಗೆ ವೈರಿಂಗ್ ಮಾಡುವ ಹದಿನಾಲ್ಕು ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ ತಿಂಗಳುಗಟ್ಟಲೆ ಗಮನಿಸಿದರು. ದಿನಕ್ಕೆ ಎರಡು ಯೂನಿಟ್ ಎಂದು ಅವರು ತಮ್ಮಲ್ಲೇ ನಿಗದಿ ಮಾಡಿಕೊಂಡಿದ್ದರು. ಅದಕ್ಕಿಂತ ಹೆಚ್ಚು ಮಾಡಹೋದವನ ತೋಳಿಗೆ ಪಕ್ಕದವನು ಒಂದು ಗುದ್ದುತ್ತಿದ್ದ. ಕಡಿಮೆ ಮಾಡಿದವನನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ನಮ್ಮ ಲೈನಿನಲ್ಲಿ ಗುದ್ದುವ ಅಗತ್ಯ ಇಲ್ಲ. 'ಏನಕ್ಕಾ, ಫ್ಯಾಕ್ಟ್ರಿ ನಿಮ್ಮ ಹೆಸರಿಗೆ ಬರೆದುಕೊಡ್ತಾರಂತಾ?' ಎಂದು ಒಂದು ಮಾತು ಸಾಕು.

ಕೌಶಲವನ್ನು ಬಚ್ಚಿಡುವುದೂ ಇದೇ ಜಾತಿಯದು. ಐದಾರು ಆಪರೇಷನ್ ಗೊತ್ತಿರುವವಳು ಎರಡೇ ಗೊತ್ತು ಎನ್ನುತ್ತಾಳೆ. ಎಲ್ಲ ಗೊತ್ತು ಎಂದರೆ ಯಾರು ರಜೆ ಹಾಕಿದರೂ ಅಲ್ಲಿಗೆ ಇವಳನ್ನೇ ಎಳೆಯುತ್ತಾರೆ, ದಿನಕ್ಕೊಂದು ಮಷಿನು, ದಿನಕ್ಕೊಂದು ಬೈಗುಳ. ಗ್ರೇಡಿನಲ್ಲಿ ಸಿಗುವ ವ್ಯತ್ಯಾಸ ಆ ತಾಪತ್ರಯದ ಮುಂದೆ ಏನೂ ಅಲ್ಲ.

ಸಂಬಳದಲ್ಲಿ ವ್ಯತ್ಯಾಸ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಮ್ಯಾನೇಜರುಗಳಿದ್ದಾರೆ. ಅದೂ ಸರಳವಲ್ಲ. ಒಡಿಶಾದಲ್ಲೇ 378 ಕೆಲಸಗಾರರ ಮೇಲೆ ಒಂದು ತಿಂಗಳು ನಡೆದ ಇನ್ನೊಂದು ಪ್ರಯೋಗದಲ್ಲಿ ಕೆಲವು ಗುಂಪುಗಳಲ್ಲಿ ಎಲ್ಲರಿಗೂ ಸಮಾನ ಕೂಲಿ, ಕೆಲವದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೂಲಿ ಕೊಟ್ಟು ನೋಡಿದರು. ಪಕ್ಕದವನಿಗಿಂತ ಕಡಿಮೆ ಸಿಕ್ಕವರ ಕೆಲಸ ಕುಗ್ಗಿತು. ಕೆಲಸ ಬಿಡಿ, ಹಾಜರಾತಿಯೇ ನೂರಕ್ಕೆ 18ರಷ್ಟು ಇಳಿಯಿತು. ದಿನದ ಕೂಲಿ ಕಳೆದುಕೊಂಡು ಮನೆಯಲ್ಲಿ ಕೂರುವಷ್ಟು ಬೇಸರ. ಆದರೆ ಯಾರು ಎಷ್ಟು ಮಾಡುತ್ತಾರೆ ಎಂದು ಎಲ್ಲರ ಕಣ್ಣಿಗೆ ಕಾಣುವ ಕೆಲಸಗಳಲ್ಲಿ ಅದೇ ವ್ಯತ್ಯಾಸ ಯಾರಿಗೂ ಬೇಸರ ತರಲಿಲ್ಲ. ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಚೆನ್ನಾಗಿ ಕಾಲರ್ ಕೂರಿಸುವವಳಿಗೆ ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟರೆ ಲೈನಿನಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ, ಅವಳ ಕೈಯನ್ನು ಅವರು ದಿನಾ ನೋಡುತ್ತಾರೆ. ಇನ್‌ಚಾರ್ಜ್‌ನ ಊರಿನವಳಿಗೆ ನೂರು ರೂಪಾಯಿ ಜಾಸ್ತಿ ಬಂದಿದೆ ಎಂದು ಪೇ ಸ್ಲಿಪ್‌ನಲ್ಲಿ ಗೊತ್ತಾದ ದಿನ ಇಡೀ ಲೈನ್ ಕೂತುಬಿಡುತ್ತದೆ.

ಈಗ ನನ್ನನ್ನು ಬಹಳ ಕಾಡಿದ ಅಧ್ಯಯನಕ್ಕೆ ಬರುತ್ತೇನೆ. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2007ರಲ್ಲಿ ಪೇಸ್ ಎಂಬ ತರಬೇತಿ ಶುರು ಮಾಡಿತು. ಹೊಲಿಗೆಯದಲ್ಲ, ಮಾತಾಡುವುದು, ಹೊತ್ತು ಹೊಂದಿಸಿಕೊಳ್ಳುವುದು, ದುಡ್ಡಿನ ಲೆಕ್ಕ, ಸಮಸ್ಯೆ ಬಂದರೆ ಯಾರ ಹತ್ತಿರ ಹೇಗೆ ಹೇಳುವುದು, ಇಂಥವು. ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಲಾಟರಿ ಎತ್ತಿ ಕೆಲವರಿಗೆ ಈ ತರಬೇತಿ ಕೊಟ್ಟು, ಉಳಿದವರಿಗೆ ಕೊಡದೆ ಹೋಲಿಸಿ ನೋಡಿದರು. ತರಬೇತಿ ಪಡೆದವರು ಶೇಕಡಾ 20ರಷ್ಟು ಹೆಚ್ಚು ಉತ್ಪಾದಿಸಿದರು. ಬಾಯಿ ಬಿಟ್ಟು ಕೇಳಲು ಕಲಿತದ್ದರಿಂದ ಹೊಸ ಆಪರೇಷನ್‌ಗಳನ್ನೂ ಕಲಿತರು. ಅವರ ಸಂಬಳ ಏರಿದ್ದು ಶೇಕಡಾ 0.5. ಅರ್ಧ ಪರ್ಸೆಂಟ್. ಕಂಪನಿ ತರಬೇತಿಗೆ ಹಾಕಿದ ದುಡ್ಡಿಗೆ ತರಬೇತಿ ಮುಗಿದ ಎಂಟು ತಿಂಗಳಿಗೆ ಸಿಕ್ಕ ನಿವ್ವಳ ಲಾಭ ಶೇಕಡಾ 258.

ಸಂಶೋಧಕರು ಇದನ್ನು ಕಂಪನಿಗಳಿಗೆ ಒಳ್ಳೆಯ ಸುದ್ದಿ ಎಂದು ಬರೆದರು, ಹೌದು ಒಳ್ಳೆಯದೇ. ಹೆಂಗಸರಿಗೂ ಮಾತು, ಧೈರ್ಯ ಬಂದದ್ದು ಸಣ್ಣ ಲಾಭವೇನಲ್ಲ. ಆದರೂ ನಾನು ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡುತ್ತಿರುತ್ತೇನೆ. ಇಪ್ಪತ್ತು, ಅರ್ಧ. ಹಾಗಿದ್ದ ಮೇಲೆ ಲೈನಿನವರು ಎಪ್ಪತ್ತನ್ನು ಬಚ್ಚಿಟ್ಟು ಅರವತ್ತೆರಡು ಕೊಡುವುದು ಯಾವ ಲೆಕ್ಕದಲ್ಲಿ ಮೂರ್ಖತನ? ಅವರ ಲೆಕ್ಕ ನಮ್ಮ ಸ್ಯಾಮ್ ಲೆಕ್ಕಕ್ಕಿಂತ ಚೊಕ್ಕವಾಗಿದೆ.

ಈ ಹಿನ್ನೆಲೆಯಲ್ಲಿ 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಪಾಸು ಮಾಡಿದ ಕಾರ್ಖಾನೆ ಕಾಯ್ದೆಯ ತಿದ್ದುಪಡಿ ನನಗೆ ವಿಚಿತ್ರವಾಗಿ ಕಂಡಿತು. ವಾರಕ್ಕೆ 48 ಗಂಟೆ ಎಂಬ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ, ಮೂರು ತಿಂಗಳಿಗೆ 75 ಗಂಟೆ ಇದ್ದ ಓ.ಟಿ. ಮಿತಿ 145ಕ್ಕೆ. ಕೈಗಾರಿಕೆ ಬೆಳೆಯಬೇಕು, ಹೂಡಿಕೆ ಬರಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಸಂಜೆ ಆರರ ಮೇಲೆ ಹೊಲಿದ ಪೀಸು ಮಾರನೆ ದಿನ ಚೆಕಿಂಗ್ ಟೇಬಲ್ಲಿನಿಂದ ಎಷ್ಟು ವಾಪಸ್ ಬರುತ್ತದೆ ಎಂದು ಒಂದೇ ಒಂದು ವಾರ ಎಣಿಸಿದ್ದರೂ ಹೊತ್ತು ಉದ್ದ ಮಾಡುವ ಉತ್ಸಾಹ ಅಷ್ಟು ಇರುತ್ತಿರಲಿಲ್ಲ. ಒಂಬತ್ತು ಗಂಟೆಯೊಳಗೇ ಸೋರಿಹೋಗುವ ನಿಮಿಷಗಳನ್ನು ಹುಡುಕದವರು ಹತ್ತನೆಯ, ಹನ್ನೊಂದನೆಯ ಗಂಟೆಯನ್ನು ಹುಡುಕಿಕೊಂಡು ಹೋದರು.

ಕೇಳುವುದಕ್ಕೇ ಒಂದು ಬೆಲೆಯಿದೆ ಎನ್ನುವುದಕ್ಕೂ ಬೆಂಗಳೂರಿನದೇ ಪುರಾವೆಯಿದೆ. ಒಂದು ಸಲ ವಾರ್ಷಿಕ ಸಂಬಳ ಏರಿಕೆ ಕೆಲಸಗಾರರು ಅಂದುಕೊಂಡದ್ದಕ್ಕಿಂತ ಕಡಿಮೆ ಬಂತು. ಆ ಹೊತ್ತಿನಲ್ಲಿ ಲಾಟರಿಯಲ್ಲಿ ಆರಿಸಿದ ಕೆಲವರನ್ನು ಕರೆದು ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗಿದ್ದಾರೆ ಎಂದು ಕೇಳಿದರು. ಹೆಸರು ಬರೆದುಕೊಳ್ಳಲಿಲ್ಲ. ಅಷ್ಟೇ. ಹೀಗೆ ಅಭಿಪ್ರಾಯ ಹೇಳಿದವರಲ್ಲಿ ಮುಂದಿನ ತಿಂಗಳುಗಳಲ್ಲಿ ಕೆಲಸ ಬಿಟ್ಟವರೂ ರಜೆ ಹಾಕಿದವರೂ ಉಳಿದವರಿಗಿಂತ ಕಡಿಮೆ. ಹೆಚ್ಚು ನಿರಾಶರಾದವರಲ್ಲಿ ಪರಿಣಾಮ ಹೆಚ್ಚು. ಇದನ್ನು ಓದಿ ಕೆಲವು ಫ್ಯಾಕ್ಟರಿಗಳವರು ಸಂಬಳದ ಬದಲು ಸಲಹಾ ಪೆಟ್ಟಿಗೆ ಇಟ್ಟರೆ ಸಾಕು ಎಂದುಕೊಂಡಾರು ಎನ್ನುವ ಭಯ ನನಗಿದೆ. ಸಲಹಾ ಪೆಟ್ಟಿಗೆಗಳು ಮೊದಲೂ ಇದ್ದವು, ಎಚ್.ಆರ್. ಕೋಣೆಯ ಬಾಗಿಲ ಪಕ್ಕ, ಸಿ.ಸಿ. ಟಿ.ವಿ. ಕ್ಯಾಮೆರಾದ ಕೆಳಗೆ.

ನಾನು ಕೊನೆಗೆ ಕೆಲಸ ಮಾಡಿದ ಫ್ಯಾಕ್ಟರಿಯಲ್ಲಿ ಒಂದು ಸಣ್ಣ ಪ್ರಯತ್ನ ಮಾಡಿದ್ದೆವು. ಗಂಟೆಯ ಬೋರ್ಡಿಗೆ ಇನ್ನೊಂದು ಕಾಲಂ ಸೇರಿಸಿದೆವು: ಕಾದ ನಿಮಿಷ. ಬಂಡಲ್‌ಗೆ, ದಾರಕ್ಕೆ, ಮೆಕ್ಯಾನಿಕ್‌ಗೆ, ಸೂಜಿಗೆ ಎಷ್ಟು ನಿಮಿಷ ಕಾದರೋ ಅದನ್ನು ರೈಟರ್ ಅಲ್ಲೇ ಬರೆಯಬೇಕು. ಶುರುವಿನಲ್ಲಿ ರೈಟರ್‌ಗೇ ಹಿಂಜರಿಕೆ. ಆಮೇಲೆ ಟೈಲರ್‌ಗಳೇ ಕೂಗಿ ಹೇಳತೊಡಗಿದರು, 'ಬರ್ಕೊಳಣ್ಣ, ಹನ್ನೆರಡು ನಿಮಿಷ, ಬಾಬಿನ್ ಕೇಸ್.' ಕಟಿಂಗ್ ಸೆಕ್ಷನ್ ಬಂಡಲ್‌ಗಳನ್ನು ಹಿಂದಿನ ಸಂಜೆಯೇ ಕಳಿಸತೊಡಗಿತು. ಮೆಕ್ಯಾನಿಕ್‌ಗಳು ಟೀ ಅಂಗಡಿಯಿಂದ ಬೇಗ ಬರತೊಡಗಿದರು. ಲೈನಿನ ಅಂಕಿ ಏರಿತು. ಅದಕ್ಕಿಂತ ಮುಖ್ಯವಾಗಿ ಬೆಳಗಿನ ಮೀಟಿಂಗಿನಲ್ಲಿ ಹುಡುಗೀರ ಕೈಯ ಮಾತು ನಿಂತು ಬೇರೆ ಬೇರೆ ವಿಭಾಗದ ಮುಖ್ಯಸ್ಥರು ಒಬ್ಬರನ್ನೊಬ್ಬರು ದೂರುವುದು ಶುರುವಾಯಿತು. ಬಹಳ ಸುಖ ಕೊಟ್ಟ ಜಗಳ ಅದು.

ಅಷ್ಟರಲ್ಲಿ ಬಯರ್ ಕಡೆಯವರು ಆಡಿಟ್‌ಗೆ ಬರುವ ದಿನ ಗೊತ್ತಾಯಿತು. ಇಷ್ಟೊಂದು ಕಾದ ನಿಮಿಷ ಬೋರ್ಡಿನ ಮೇಲೆ ಕಂಡರೆ ಮುಂದಿನ ಆರ್ಡರಿಗೆ ಬೆಲೆ ಇಳಿಸಿ ಕೇಳುತ್ತಾರೆ, ನಿಮ್ಮಲ್ಲೇ ಇಷ್ಟು ಉಳಿತಾಯಕ್ಕೆ ಜಾಗವಿದೆಯಲ್ಲ ಎನ್ನುತ್ತಾರೆ ಎಂದು ಮೇಲಿನವರು ಹೇಳಿದರು. ಅವರ ಭಯ ಸುಳ್ಳಾಗಿರಲಿಲ್ಲ, ಬಯರ್‌ಗಳು ಹಾಗೆ ಕೇಳುವವರೇ. ಆಡಿಟ್ ಮುಗಿಯುವವರೆಗೆ ಎಂದು ಕಾಲಂ ಅಳಿಸಿದರು. ಮುಗಿದ ಮೇಲೆ ಮತ್ತೆ ಬರೆಯೋಣ ಎಂದು ನಾನು ಮೇಲ್ ಹಾಕಿದೆ. ಮುಂದಿನ ಆಡಿಟ್ ಹತ್ತಿರದಲ್ಲೇ ಇದೆ, ನೋಡೋಣ ಎಂದು ಉತ್ತರ ಬಂತು. ಅವತ್ತು ಮೂರನೇ ಲೈನಿನಲ್ಲಿ ಬಟನ್‌ಹೋಲ್ ಮಷಿನ್ ಕೆಟ್ಟು ಇಪ್ಪತ್ತು ನಿಮಿಷಕ್ಕೂ ಹೆಚ್ಚು ನಿಂತಿತ್ತು. ಬೋರ್ಡಿನಲ್ಲಿ ನಲವತ್ತೊಂದು ಎಂದು ಕೆಂಪು ಇಂಕಿನಲ್ಲಿ ಬರೆದಿದ್ದರು, ಸೂಪರ್‌ವೈಸರ್‌ನನ್ನು ಆಫೀಸಿಗೆ ಕರೆಸಿದ್ದರು.